ಹನ್ನೊಂದು ಹಲಗೆಯ ನೀರು

ಅಕ್ಟೋಬರ್ 9

ಮುಗಿಯಿತು! ಬೆಳಿಗ್ಗೆ ಹನ್ನೊಂದಕ್ಕೆ ಕಲ್ಲುಮೂರ್ತಿಯ ಎಡಗಣ್ಣಿನ ರೆಪ್ಪೆಯ ಕೆಳಗೆ ಕೊನೆಯ ಉಳಿಯೇಟು ಹಾಕಿದೆ. ಆಮೇಲೆ ಏನು ಮಾಡಬೇಕೆಂದು ತೋಚದೆ ಕೊಟ್ಟಿಗೆಯನ್ನು ಎರಡು ಸಲ ಗುಡಿಸಿದೆ. ಮೂರನೆಯ ಸಲ ಗುಡಿಸಲು ಹೊರಟಾಗ ಅಮ್ಮ ಬಂದು ಪೊರಕೆ ಕಿತ್ತುಕೊಂಡಳು.

ಇದು ನಾನು ಬದುಕಿನಲ್ಲಿ ಪೂರ್ತಿ ಮಾಡಿದ ಮೊದಲ ಕೆಲಸ. ಅಕಾರ್ಡಿಯನ್ ಪಾಠ ಅರ್ಧಕ್ಕೆ, ಬೇಕರಿ ಕೆಲಸ ಹದಿನಾರು ದಿನಕ್ಕೆ, ಕಲ್ಲುಕೆತ್ತನೆ ಶಾಲೆ ಎರಡನೆಯ ವರ್ಷಕ್ಕೆ. ಶಾಲೆಯದ್ದನ್ನು ಊರಿನವರು ಬೇರೆ ಬೇರೆ ಥರ ಹೇಳುತ್ತಾರೆ. ನಡೆದದ್ದು ಇಷ್ಟೇ. ಪರೀಕ್ಷೆಗೆಂದು ನಾನು ಕೆತ್ತಿದ್ದ ಕೈಯನ್ನು ನಾನಿಲ್ಲದಾಗ ಮೇಷ್ಟ್ರು ತಿದ್ದಿಟ್ಟಿದ್ದರು. ಪರೀಕ್ಷಕರು ಹೊಗಳಿದರು. ‘ಹೆಬ್ಬೆರಳು ನನ್ನದು, ಮಿಕ್ಕ ನಾಲ್ಕು ಮೇಷ್ಟ್ರದು’ ಎಂದೆ. ಮರುದಿನದಿಂದ ಹೋಗಲಿಲ್ಲ.

ಇವನು ಮಾತ್ರ ಟೋಪಿಯಿಂದ ಬೂಟಿನ ತನಕ ನನ್ನವನು. ಮರಳುಗಲ್ಲಿನ ವೊದ್ನಿಕ್. ನಮ್ಮ ಕಡೆಯ ಕಥೆಗಳಲ್ಲಿ ಕೆರೆಯ ತಳದಲ್ಲಿರುವ ಹಸಿರು ಮುದುಕ, ಮುಳುಗಿದವರ ಜೀವಗಳನ್ನು ಬಟ್ಟಲುಗಳಲ್ಲಿ ಮುಚ್ಚಿಡುವವನು. ಕಾಲು ಇಳಿಬಿಟ್ಟು ಕುಳಿತಿದ್ದಾನೆ, ಬಾಯಲ್ಲಿ ಪೈಪು, ಪಕ್ಕದಲ್ಲಿ ಏಳು ಬಟ್ಟಲು. ಕೋಟಿನ ಎಡ ಅಂಚು ಆಸನದಿಂದ ಕೆಳಗೆ ಜೋತುಬಿದ್ದಿದೆ. ಕೆರೆಯಲ್ಲಿದ್ದ ಹಳೆಯ ಮರದ ವೊದ್ನಿಕ್ ಕೊಳೆತು ಬಿದ್ದು ನಾಲ್ಕು ವರ್ಷ ಆಗಿತ್ತು. ಮೇ ತಿಂಗಳ ಊರ ಸಭೆಯಲ್ಲಿ ನಾನೇ ಎದ್ದು ನಿಂತು, ‘ಕೆತ್ತಕ್ಕೆ ಬರುತ್ತೋ ಇಲ್ಲವೋ ಗೊತ್ತಿಲ್ಲ, ಕಲ್ಲು ಕೊಡಿ ಸಾಕು’ ಎಂದಿದ್ದೆ. ಅಧ್ಯಕ್ಷೆ ಪೆಖೊವಾ ಕೊಡಿಸಿದರು.

‘ಹಸಿರು ಬಣ್ಣ ಬಳಿಯಲ್ವೇನೇ?’ ಎಂದಳು ಅಮ್ಮ.

‘ಪಾಚಿ ಬಳಿಯತ್ತೆ ಬಿಡು’ ಎಂದೆ.

ಇವನನ್ನು ಕೆರೆಯಲ್ಲಿ ನಿಲ್ಲಿಸಿಬಿಟ್ಟರೆ ನನಗೆ ಈ ಊರಲ್ಲಿ ಕೆಲಸವಿಲ್ಲ. ಡಿಸೆಂಬರಿಗೆ ಗೆಳೆಯ ಹಿನೆಕ್ ಜೊತೆ ಆಸ್ಟ್ರಿಯಾಕ್ಕೆ. ಹಿಮಜಾರಾಟದ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸ ಖಾಲಿ ಇದೆಯಂತೆ.

ಅಕ್ಟೋಬರ್ 13

ಕುಬಾತ್ ಮಾಮನನ್ನು ಕೊಟ್ಟಿಗೆಗೆ ಕರೆತಂದು ತೋರಿಸಿದೆ. ನಲವತ್ತೊಂದು ವರ್ಷದಿಂದ ನಮ್ಮ ಮ್ಲಿನಾರ್ಕಾ ಕೆರೆಯ ನೀರಗಂಟಿ. ಅವರು ಒಪ್ಪದೆ ಆ ಕೆರೆಗೆ ಒಂದು ಬಾತುಕೋಳಿಯೂ ಇಳಿಯುವುದಿಲ್ಲ. ಸುತ್ತ ಎರಡು ಸಲ ನಡೆದರು. 

‘ಕೋಟಿನ ತುದಿ ನೀರಲ್ಲಿ ಅದ್ದಿರಬೇಕು’ ಎಂದರು ಕೊನೆಗೆ. ‘ಅದು ಒಣಗಿದ್ರೆ ಅವ್ನ ಶಕ್ತಿ ಹೋಯ್ತು ಅಂತ ಲೆಕ್ಕ. ಒಣಗಿದ ವೊದ್ನಿಕ್ ಅಂದ್ರೆ ಪಕ್ಕದೂರಿನೋರು ಬಸ್ ಮಾಡ್ಕೊಂಡು ಬಂದು ನಗ್ತಾರೆ.’

‘ಅದಕ್ಕೇ ನಿಮ್ಮನ್ನ ಕರ್ದಿದ್ದು. ತುಂಬಿದ ಕೆರೆ ಅಂದ್ರೆ ಎಷ್ಟು ಮಾಮ?’

‘ಹನ್ನೊಂದು ಹಲಗೆ.’

ತೂಬಿನ ಗೂಡಿನಲ್ಲಿ ಒಂದರ ಮೇಲೊಂದು ಕೂರಿಸುವ ಓಕ್ ಹಲಗೆಗಳು, ಒಂದೊಂದೂ ಹದಿನೆಂಟು ಸೆಂಟಿಮೀಟರ್ ಅಗಲ. ಮೇಲಿನ ಹಲಗೆ ಎಲ್ಲಿಯೋ ಅಲ್ಲಿಗೆ ನೀರು. ಹನ್ನೊಂದು ಹದಿನೆಂಟಲ ನೂರ ತೊಂಬತ್ತೆಂಟು. ತುಂಬಿದಾಗ ಕೋಟಿನ ತುದಿ ಮೂರು ಸೆಂಟಿಮೀಟರ್ ಮುಳುಗಬೇಕು, ಆಸನ ನೀರಿಗಿಂತ ಹತ್ತು ಮೇಲೆ. ಕಂಬದ ಎತ್ತರ ಲೆಕ್ಕ ಹಾಕಿ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದೆ.

ಹೊರಡುವಾಗ ಕುಬಾತ್ ಮಾಮ ಬಟ್ಟಲುಗಳ ಮೇಲೆ ಕೈಯಿಟ್ಟರು. ‘ಒಂದರ ಮುಚ್ಚಳ ತೆಗ್ದಿಡಕ್ಕಾಗತ್ತಾ?’

‘ಆಗತ್ತೆ. ಯಾಕೆ?’

‘ವೊಯ್ತಾಗೆ’ ಎಂದು ಹೊರಟೇಹೋದರು.

ಅಮ್ಮನನ್ನು ಕೇಳಿದೆ. ವೊಯ್ತಾ ಅವರ ತಮ್ಮ. ಇಬ್ಬರೂ ಹುಡುಗರಾಗಿದ್ದಾಗ ಕೆರೆಯ ಮಂಜುಗಡ್ಡೆ ಒಡೆದು ಒಳಗೆ ಹೋದವನು. ಅಂದಿನಿಂದ ಕುಬಾತ್ ಮಾಮ ಚಳಿಗಾಲದಲ್ಲಿ ಏರಿಯಿಂದ ಕೆಳಗೆ ಕಾಲಿಟ್ಟಿಲ್ಲವಂತೆ. ಮುಚ್ಚಳ ತೆಗೆದರೆ ಒಳಗಿನ ಜೀವ ಗುಳ್ಳೆಯಾಗಿ ಮೇಲೆ ಬಂದು ಬಿಡುಗಡೆಯಾಗುತ್ತದೆ ಎಂದು ನಮ್ಮಲ್ಲಿ ಎಳೆಮಕ್ಕಳಿಗೂ ಗೊತ್ತು.

ಮಧ್ಯಾಹ್ನವೇ ಉಳಿ ಹಿಡಿದೆ. ಮುಗಿದ ಕಲ್ಲಲ್ಲವೇ, ಮೊದಲು ಒಂದು ಹಾಳು ತುಂಡಿನ ಮೇಲೆ ಎರಡು ಏಟು ಹಾಕಿ ನೋಡಿದೆ. ನಾಲ್ಕನೆಯ ಬಟ್ಟಲನ್ನು ಟೊಳ್ಳು ಮಾಡಿದೆ, ಮುಚ್ಚಳವನ್ನು ಬದಿಗೆ ಒರಗಿಸಿದ ಹಾಗೆ ಬಿಡಿಸಿದೆ. ಒಂದು ಚಕ್ಕೆಯೂ ತಪ್ಪಿ ಹಾರಲಿಲ್ಲ!

ಅಕ್ಟೋಬರ್ 24

ತೂಬಿನ ಹಲಗೆ ತೆಗೆದು ಕೆರೆ ಬರಿದು ಮಾಡಿ ಮೀನು ಹಿಡಿಯುವ ದಿನ. ಬೆಳಿಗ್ಗೆ ಕಹಳೆ ಊದಿದ್ದು ಕೇಳಿ ಬೂಟು ಹಾಕುವಾಗ ಎಡಬಲ ಅದಲುಬದಲು. ನೀರಿಳಿದ ಕೆರೆ, ಕೆಸರಿನ ನಡುವೆ ಕಾರ್ಪ್ ಮೀನುಗಳು ಕುದಿಯುವ ಸಾರಿನ ಹಾಗೆ! ಸೊಂಟದವರೆಗೆ ರಬ್ಬರ್ ಹಾಕಿಕೊಂಡು ಬಲೆ ಎಳೆದೆ. ಹಿನೆಕ್ ನನ್ನನ್ನು ಕೆಸರಿಗೆ ನೂಕಿದ, ನಾನು ಅವನ ಕೊರಳಪಟ್ಟಿಯೊಳಗೆ ಒಂದು ಪುಟ್ಟ ಮೀನು ಬಿಟ್ಟೆ. ರಮ್ ಹಾಕಿದ ಚಹಾ ನಾಲ್ಕು ಲೋಟ. ಬರೆಯಲು ಬೆರಳು ಬಗ್ಗುತ್ತಿಲ್ಲ.

ಅಕ್ಟೋಬರ್ 30

ನಿಂತಿದ್ದಾನೆ! ಕೂತಿದ್ದಾನೆ ಅನ್ನಬೇಕು.

ತೂಬಿನ ಹತ್ತಿರ, ಏರಿಯಿಂದ ಏಳು ಮೀಟರ್ ದೂರ, ನನ್ನ ಲೆಕ್ಕದಂತೆ ಎರಕ ಹೊಯ್ದ ಕಾಂಕ್ರೀಟ್ ಕಂಬದ ಮೇಲೆ. ಕ್ರೇನಿನ ಹಗ್ಗದಲ್ಲಿ ಆರುನೂರು ಕಿಲೋ ವೊದ್ನಿಕ್ ಓಕ್ ಮರಗಳ ನಡುವೆ ತೂಗಾಡುತ್ತ ಹೋದಾಗ ನರ್ಸರಿ ಮಕ್ಕಳು ಕೈಬೀಸಿ ಟಾಟಾ ಹೇಳಿದವು. ಪೆಖೊವಾ ಭಾಷಣ ಮಾಡಿದರು. ‘ನಮ್ಮ ಊರಿನ ಪ್ರತಿಭೆ’ ಎಂದಾಗ ಹಿನೆಕ್ ಹಿಂದಿನಿಂದ ‘ಪಾತ್ರೆ ತೊಳೆಯೋ ಪ್ರತಿಭೆ’ ಎಂದು ಕೂಗಿದ. ಎಲ್ಲರೂ ನಕ್ಕರು, ನಾನೂ. ಪಕ್ಕದ ಪಟ್ಟಣ ತ್ರೆಬೊನ್‌ನ ಪತ್ರಿಕೆಯವಳು ಫೋಟೋ ತೆಗೆದಳು.

ಆಮೇಲೆ ಕುಬಾತ್ ಮಾಮ ಗೂಡಿಗೆ ಹಲಗೆ ಇಳಿಸಿದರು, ಹಲಗೆಗಳ ನಡುವೆ ಜೇಡಿಮಣ್ಣು ಮೆತ್ತಿದರು. ಕೆರೆ ತುಂಬಲು ಶುರು. ಮಾರ್ಚಿಗೆ ತುಂಬುತ್ತದಂತೆ. ಆಗ ನಾನು ಇರುವುದಿಲ್ಲ. ಫೋಟೋ ಕಳಿಸು ಎಂದು ಅಮ್ಮನಿಗೆ ಹೇಳಿದ್ದೇನೆ.

ನವೆಂಬರ್ 16

ಮಳೆ. ಮೂರು ಹಲಗೆ. ಇನ್ನೂ ಕಂಬವೇ ಕಾಣುತ್ತದೆ. ಆದರೂ ದಿನಾ ಹೋಗುತ್ತೇನೆ.

ನವೆಂಬರ್ 27

ಐದು! ಹೊಳೆ ಕಡೆಯಿಂದ ಕಂದು ನೀರು ನುಗ್ಗುತ್ತಿದೆ. ಟೋಪಿಯ ಮೇಲೆ ಒಂದು ಕೊಕ್ಕರೆ ಕೂತಿತ್ತು. ಕಲ್ಲೆಸೆದು ಓಡಿಸೋಣ ಅನ್ನಿಸಿ, ಅವನಿಗೂ ಒಬ್ಬರು ಜೊತೆ ಬೇಕಲ್ಲ ಎಂದು ಬಿಟ್ಟೆ.

ಡಿಸೆಂಬರ್ 7

ಒಂದು ಹಲಗೆಯ ಲೆಕ್ಕ ತಪ್ಪಿದೆ.

ಏರಿಯ ಮೇಲೆ ಕುಬಾತ್ ಮಾಮ ಸಿಕ್ಕರು. ‘ಏಳು ತುಂಬ್ತು ಮಾಮ!’ ಎಂದೆ.

‘ಆರು.’

‘ಏಳು. ನಾನು ಎಣಿಸ್ದೆ.’

‘ಕಣ್ಣು ನಂದು ಹಳೇದೋ ನಿಂದೋ? ಆರು ಕಣೇ.’

ಗೂಡಿನ ಹತ್ತಿರ ಎಳೆದುಕೊಂಡು ಹೋಗಿ ಕೋಲಿನಿಂದ ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಮುಟ್ಟಿ ತೋರಿಸಿದೆ. ಅವರು ನಕ್ಕುಬಿಟ್ಟರು.

‘ಆ ತಳದ್ದು ಹೊಸ್ತಿಲು. ಅದನ್ನ ಯಾವ ಕಾಲಕ್ಕೂ ತೆಗೆಯಲ್ಲ, ಕೆರೆ ಕಟ್ಟಿದಾಗಿಂದ ಅಲ್ಲೇ ಇದೆ. ಹೊಸ್ತಿಲನ್ನ ಯಾರಾದ್ರೂ ಎಣಿಸ್ತಾರೇನೇ? ನಮ್ಮಪ್ಪ ಎಣಿಸ್ಲಿಲ್ಲ, ಅವ್ರಪ್ಪ ಎಣಿಸ್ಲಿಲ್ಲ.’

ನಾನು ಎಣಿಸಿದ್ದೆ. ಸೀಮೆಸುಣ್ಣದಲ್ಲಿ ಬರೆದ ಹನ್ನೊಂದರಲ್ಲಿ ಹೊಸ್ತಿಲೂ ಸೇರಿತ್ತು. ಅವರ ಹನ್ನೊಂದು ಎಂದರೆ ನನ್ನ ಹನ್ನೆರಡು. ನನ್ನ ಕಂಬ ಒಂದು ಹಲಗೆಯಷ್ಟು ಗಿಡ್ಡ.

ಅವರಿಗೆ ಏನೂ ಹೇಳದೆ ಓಡಿ ಮನೆಗೆ ಬಂದೆ. ಲೆಕ್ಕ ಮಾಡಿದೆ, ಮತ್ತೆ ಮಾಡಿದೆ. ಮಾರ್ಚಿನಲ್ಲಿ ನೀರು ಆಸನದ ಮೇಲೆ ಎಂಟು ಸೆಂಟಿಮೀಟರ್ ನಿಲ್ಲುತ್ತದೆ. ಬಟ್ಟಲುಗಳ ಎತ್ತರ ಏಳು. ವೊಯ್ತಾನ ಬಟ್ಟಲೂ ನೀರೊಳಗೆ.

ಡಿಸೆಂಬರ್ 8

ಹಿನೆಕ್‌ಗೆ ಹೇಳಿದೆ. ಅವನು ತಿನ್ನುತ್ತಿದ್ದ ಸಾಸೇಜನ್ನು ಕೆಳಗಿಡಲೂ ಇಲ್ಲ.

‘ಮಾರ್ಚ್‌ಗೆ ತಾನೆ ಗೊತ್ತಾಗೋದು? ಆಗ ನಾವು ಆಲ್ಪ್ಸ್‌ನಲ್ಲಿರ್ತೀವಿ. ಮುದುಕ ಹೆಚ್ಚು ನೀರು ಬಿಟ್ಟ ಅಂತ ಊರಿನೋರು ಅವನನ್ನೇ ಬೈತಾರೆ. ಮುಗೀತಲ್ಲ.’

‘ಅವ್ರು ಸರಿಯಾಗೇ ಬಿಡ್ತಾರೆ.’

‘ಅದು ನಂಗೊತ್ತು, ನಿಂಗೊತ್ತು. ನೀನು ಬಾಯಿ ಮುಚ್ಕೊಂಡಿರೋದು ಒಂದ್ಸಲನಾದ್ರೂ ಕಲಿ ವೆಂಡುಲಾ. ಶಾಲೆ ಹೋಯ್ತು, ಸಾಕಾಗ್ಲಿಲ್ವಾ?’

ಅವನ ಮಾತು ನಿಜ. ಶಾಲೆಯಲ್ಲಿ ಹೇಳುವುದು ಸುಲಭವಾಗಿತ್ತು, ತಪ್ಪು ಇನ್ನೊಬ್ಬರದು. ಈ ಸಲ ನನ್ನದೇ. ಕುಬಾತ್ ಮಾಮನ ಬೇಲಿಯ ತನಕ ಹೋಗಿ ಎರಡು ಸಲ ಹಿಂದೆ ಬಂದೆ.

ಡಿಸೆಂಬರ್ 10

ಹೇಳಿದೆ. ಪಬ್ಬಿನಲ್ಲಿ, ಎಲ್ಲರ ಮುಂದೆ. ಒಬ್ಬೊಬ್ಬರಿಗೇ ಹೇಳುತ್ತ ಹೋದರೆ ಮೂರನೆಯವರ ಹೊತ್ತಿಗೆ ಕಥೆ ನನಗೆ ಅನುಕೂಲವಾಗಿ ತಿರುಗೀತೆಂದು ಭಯವಾಯಿತು.

‘ವೊದ್ನಿಕ್ ಒಂದು ಹಲಗೆ ಕೆಳಗಿದ್ದಾನೆ. ಹೊಸ್ತಿಲನ್ನೂ ಎಣಿಸಿಬಿಟ್ಟೆ. ತಪ್ಪು ನಂದೇ.’

ನಗು ಸಿಡಿಯಿತು ನೋಡಿ! ‘ಹೊಸ್ತಿಲನ್ನ ಎಣಿಸಿದಳಂತೆ!’ ಎಂದು ಅಂಚೆಯವನು ಮೇಜು ಬಡಿದ. ‘ವೊದ್ನಿಕ್ ಮುಳುಗಿ ಸತ್ತ, ಶವಸಂಸ್ಕಾರ ಯಾವಾಗ?’ ಎಂದರು ಯಾರೋ.

ಪೆಖೊವಾ ಮಾತ್ರ ನಗಲಿಲ್ಲ. ‘ಅಮ್ಮಾ ತಾಯಿ, ಪೇಪರ್‌ನಲ್ಲಿ ಬಂದಾಯ್ತು. ಕ್ರೇನ್ ಇನ್ನು ಬರಕ್ಕಾಗಲ್ಲ. ನೀರು ನಿಂತ ಏರಿ ಮೇಲೆ ಭಾರದ ಗಾಡಿ ಹತ್ತಿಸೋ ಹಾಗಿಲ್ಲ.’

‘ಕೆರೆ ಮತ್ತೆ ಖಾಲಿ ಮಾಡಿದ್ರೆ?’ ಎಂದ ಅಂಚೆಯವನು.

‘ಮೀನುಮರಿ ಬಿಟ್ಟಾಗಿದೆ’ ಎಂದರು ಕುಬಾತ್ ಮಾಮ, ಮೂಲೆಯಿಂದ. ನನ್ನನ್ನೇ ನೋಡುತ್ತಿದ್ದರು. ‘ಬಟ್ಟಲು?’

‘ಮುಳುಗತ್ತೆ ಮಾಮ.’

ಅರ್ಧ ಬಿಯರ್ ಬಿಟ್ಟು ಎದ್ದು ಹೋದರು. ನಗು ನಿಂತಿತು. ಜನ ನಕ್ಕಿದ್ದಕ್ಕೆ ನೋವಾಗಲಿಲ್ಲ, ಆ ಅರ್ಧ ಲೋಟ ನೋಡಿ ಆಯಿತು.

ಡಿಸೆಂಬರ್ 14

ಹಿನೆಕ್‌ನ ಬಸ್ಸು ಹೋಯಿತು. ನನ್ನ ಚೀಲ ಇನ್ನೂ ಮಂಚದ ಕೆಳಗಿದೆ. ಹೆಗಲಿಗೆ ಹಾಕಿಕೊಳ್ಳುವಷ್ಟು ಹೊತ್ತು ಸಿಗಲಿಲ್ಲ, ಬೆಳಿಗ್ಗೆಯಿಂದ ಭಾರ ಎತ್ತುವ ಸರಪಳಿ ರಾಟೆಯ ಬಗ್ಗೆ ಯೋಚಿಸುತ್ತಿದ್ದೆ. ದೋಣಿಯ ಮೇಲೆ ನಿಂತು ಎತ್ತಿದರೆ ದೋಣಿ ಮುಳುಗುತ್ತದೆ, ವೊದ್ನಿಕ್ ಏಳುವುದಿಲ್ಲ. ನಿಲ್ಲಲು ಗಟ್ಟಿ ನೆಲ ಬೇಕು.

ಡಿಸೆಂಬರ್ 24

ಕ್ರಿಸ್ಮಸ್ ಊಟಕ್ಕೆಂದು ತಂದ ಕಾರ್ಪ್ ಮೂರು ದಿನದಿಂದ ನಮ್ಮ ಸ್ನಾನದ ತೊಟ್ಟಿಯಲ್ಲಿ ಓಡಾಡುತ್ತಿತ್ತು. ಇವತ್ತು ಅಮ್ಮ ಬಾಣಲೆಗೆ ಹಾಕಿದಳು. ತಿನ್ನುತ್ತಾ ಕಿಟಕಿಯ ಆಚೆ ನೋಡಿದೆ. ಬಕೆಟ್ಟಿನಲ್ಲಿ ಬಿಟ್ಟ ನೀರು ಪೂರ್ತಿ ಗಟ್ಟಿಯಾಗಿತ್ತು. ಬಾಯಲ್ಲಿ ಮುಳ್ಳಿದ್ದುದನ್ನೂ ಮರೆತು ಎದ್ದು ನಿಂತೆ.

ಮಂಜುಗಡ್ಡೆ! ಗಟ್ಟಿ ನೆಲ ತಾನಾಗಿಯೇ ಬರುತ್ತಿದೆ!

ಜನವರಿ 8

ಮೈನಸ್ ಹದಿನಾರು. ಒಂಬತ್ತು ಹಲಗೆ (ಅವರ ಲೆಕ್ಕದಲ್ಲಿ), ಅದರ ಮೇಲೆ ಮಂಜುಗಡ್ಡೆ. ಪೆಖೊವಾ ಅವರ ಕಚೇರಿಗೆ ಚಿತ್ರ ಬರೆದುಕೊಂಡು ಹೋದೆ. ಮೂರು ಸ್ಪ್ರೂಸ್ ದಿಮ್ಮಿಗಳ ಮುಕ್ಕಾಲಿ, ಕಾಲುಗಳ ಕೆಳಗೆ ಅಗಲ ಹಲಗೆ, ಮೇಲೆ ಸರಪಳಿ ರಾಟೆ. ವೊದ್ನಿಕ್‌ನನ್ನು ಎತ್ತುವುದು, ಕಂಬದ ಮೇಲೆ ಗ್ರಾನೈಟ್ ಚಪ್ಪಡಿ ತಳ್ಳುವುದು, ಇಳಿಸುವುದು. ಊರಿನ ಗೋದಾಮಿನಲ್ಲಿ ಇಪ್ಪತ್ತು ಸೆಂಟಿಮೀಟರ್ ದಪ್ಪದ ಚಪ್ಪಡಿ ಇದೆ. ಹದಿನೆಂಟರದ್ದು ಇಲ್ಲ. ಇಪ್ಪತ್ತಾದರೂ ಕೋಟಿನ ತುದಿ ಒಂದು ಸೆಂಟಿಮೀಟರ್ ನೀರಲ್ಲಿರುತ್ತದೆ, ಸಾಕು.

‘ಗಡ್ಡೆ ತಡಿಯತ್ತೆ ಅಂತ ಯಾರು ಹೇಳ್ಬೇಕು, ನೀನಾ?’ ಎಂದರು ಪೆಖೊವಾ. ‘ಕುಬಾತ್ ಹೂಂ ಅಂದ್ರೆ ನಾನು ಹೂಂ. ಇಲ್ಲಾಂದ್ರೆ ಒಂದು ಕಾಲೂ ಕೆಳಗಿಡಬೇಡ.’

ಕುಬಾತ್ ಮಾಮನ ಮನೆಗೆ ಹೋದೆ. ಚಿತ್ರವನ್ನು ತುಂಬ ಹೊತ್ತು ನೋಡಿದರು.

‘ನಿಮ್ಮನ್ನ ಗಡ್ಡೆ ಮೇಲೆ ಬನ್ನಿ ಅಂತ ಕೇಳ್ತಿಲ್ಲ. ದಪ್ಪ ನಾನೇ ಅಳೆದು ತರ್ತೀನಿ, ನೀವು ಸಾಕೋ ಸಾಲ್ದೋ ಹೇಳಿ.’

‘ನೀನು ಅಳೆಯೋದು ಗೊತ್ತಾಯ್ತಲ್ಲ’ ಎಂದರು. ಬಾಗಿಲು ಹಾಕಿಕೊಂಡರು.

ಜನವರಿ 18

ಎಲ್ಲಿಂದ ಶುರು ಮಾಡಲಿ!

ಬೆಳಿಗ್ಗೆ ಏರಿಯ ಮೇಲೆ ಹದಿನೈದು ಜನ. ದಿಮ್ಮಿ ಬಂತು, ರಾಟೆ ಬಂತು, ಅಮ್ಮ ಬೆಳ್ಳುಳ್ಳಿ ಸೂಪಿನ ಹಂಡೆ ತಂದಳು. ಆದರೆ ಹೂಂ ಅನ್ನುವವರು ಬರಲಿಲ್ಲ. ಒಂಬತ್ತಾಯಿತು, ಒಂಬತ್ತೂವರೆ. ‘ದಿಮ್ಮಿ ವಾಪಸ್ ಹಾಕ್ರಪ್ಪ’ ಎಂದರು ಪೆಖೊವಾ.

ಆಗ ಕುಬಾತ್ ಮಾಮ ಬಂದರು, ಕೈಯಲ್ಲಿ ಕೊಡಲಿ. ಯಾರ ಮುಖವನ್ನೂ ನೋಡದೆ ಏರಿಯ ಮೆಟ್ಟಿಲು ಇಳಿದರು. ಕೊನೆಯ ಮೆಟ್ಟಿಲ ಮೇಲೆ ನಿಂತರು. ಸೂಪು ಕುಡಿಯುತ್ತಿದ್ದವರು ಚಮಚ ಕೆಳಗಿಟ್ಟರು. ನಾನು ಕೈ ಹಿಡಿಯಲೇ ಎಂದು ಮುಂದೆ ಹೋದೆ.

‘ದೂರ ನಿಲ್ಲು. ಇಬ್ರು ಒಂದೇ ಕಡೆ ನಿಲ್ಲಬಾರ್ದು.’

ಕಾಲಿಟ್ಟರು. ಒಂದು, ಎರಡು, ಮೂರು ಹೆಜ್ಜೆ. ಪ್ರತಿ ಹೆಜ್ಜೆಗೂ ಮೊದಲು ಕೊಡಲಿಯ ಹಿಂಬದಿಯಿಂದ ಬಡಿದು ಕಿವಿಗೊಡುತ್ತಿದ್ದರು. ಕೆರೆ ಉದ್ದಕ್ಕೂ ಗುಂಯ್ ಎಂದು ಒಂದು ಸದ್ದು ಓಡಿತು. ನಾನು ಕಿರುಚಿಬಿಟ್ಟೆ. ಅವರು ಅಲ್ಲಾಡಲಿಲ್ಲ. ‘ಇದು ಒಳ್ಳೆ ಸದ್ದು. ಗಡ್ಡೆ ಬೆಳೀತಿದೆ’ ಎಂದರು. ವೊದ್ನಿಕ್‌ನ ಹತ್ತಿರ ತೂತು ಕಡಿದು, ಅಳತೆಯ ಗುರುತಿದ್ದ ಮೊಳದಷ್ಟು ಕೋಲು ಇಳಿಸಿ ನೋಡಿ, ನನ್ನ ಕಡೆ ಚಾಚಿದರು. ‘ಓದು. ಜೋರಾಗಿ. ಹೊಸ್ತಿಲು ಸೇರಿಸ್ಬೇಡ.’

‘ಇಪ್ಪತ್ತೇಳು ಸೆಂಟಿಮೀಟರ್!’

‘ಬನ್ರಪ್ಪ ಕೆಳಗೆ. ಒಬ್ರಿಂದ ಒಬ್ರಿಗೆ ಐದು ಹೆಜ್ಜೆ. ಓಡಿದೋರಿಗೆ ಒದೆ.’

ಹಳೆಯ ಗಾರೆಯನ್ನು ನಾನು ಕೊರೆದು ತೆಗೆದೆ. ರಾಟೆಯ ಸರಪಳಿಯನ್ನು ಅಂಚೆಯವನೂ ಪೆಖೊವಾ ಅವರೂ ಎಳೆದರು. ಅಧ್ಯಕ್ಷೆಯ ತುಪ್ಪಳದ ಟೋಪಿ ಕಣ್ಣ ಮೇಲೆ ಜಾರಿತ್ತು. ಟಕ್, ಟಕ್, ಟಕ್. ಏನೂ ಆಗಲಿಲ್ಲ. ಮತ್ತೆ ಟಕ್. ಎದ್ದ! ಕಂಬಕ್ಕೂ ಅವನಿಗೂ ನಡುವೆ ಬೆಳಕು ಕಂಡಿತು, ಮೊದಲು ಕೂದಲೆಳೆಯಷ್ಟು, ಆಮೇಲೆ ಕೈ ತೂರುವಷ್ಟು. ಗಾಳಿಗೆ ಮೆಲ್ಲಗೆ ತಿರುಗಿ ಅವನು ಏರಿಯ ಮೇಲಿದ್ದವರನ್ನೆಲ್ಲ ಒಂದು ಸುತ್ತು ನೋಡಿದ. ‘ನಮಸ್ಕಾರ ಸಾರ್’ ಎಂದ ಅಂಚೆಯವನು.

ಚಪ್ಪಡಿ ತಳ್ಳಿದೆವು. ಆರು ಜನರ ಕೈ, ಅದರಲ್ಲಿ ಯಾವುದು ಯಾರದೆಂದು ಹೇಳಲಾರೆ. ಗಾರೆ ಹಾಕಿದೆ, ಇಳಿಸಿದೆವು. ನಾಲ್ಕನೆಯ ಬಟ್ಟಲ ಒಳಗೆ ಬಿದ್ದ ಹಿಮವನ್ನು ಕುಬಾತ್ ಮಾಮ ಬೆರಳಿಂದ ಗೋರಿ ತೆಗೆದರು. ಆಮೇಲೆ ಎಲ್ಲರನ್ನೂ ಬೈದು ದಡ ಹತ್ತಿಸಿ, ತಾವು ಕೊನೆಗೆ ಹತ್ತಿದರು. ಮೆಟ್ಟಿಲ ಮೇಲೆ ನಿಂತು ಬೂಟಿನ ಹಿಮವನ್ನು ಕೊಡಲಿಯ ಹಿಡಿಯಿಂದ ಬಡಿದು ಉದುರಿಸಿದರು.

ಮಾರ್ಚ್ 21

ಕೆರೆ ತುಂಬಿತು. ಇವತ್ತು ಹನ್ನೊಂದನೆಯ ಹಲಗೆಯ ಅಂಚು ದಾಟಿ ನೀರು ಸಣ್ಣಗೆ ಜಾರುತ್ತಿದೆ.

ಕೋಟಿನ ತುದಿ ಒಣಗಿದೆ.

ದೋಣಿಯಲ್ಲಿ ಹೋಗಿ ಅಳೆದೆ. ಎರಡು ಸೆಂಟಿಮೀಟರ್ ಮೇಲಿದೆ. ಚಪ್ಪಡಿಯನ್ನು ಲೆಕ್ಕ ಹಾಕಿದ್ದೆ, ಗಾರೆಯನ್ನು ಮರೆತಿದ್ದೆ. ಗಾರೆ ಮೂರು. ದೋಣಿಯಲ್ಲೇ ಕೂತು ನಗು ಬಂತು, ಅಳುವೂ. ಅಲ್ಲಿಂದ ನೇರ ಕುಬಾತ್ ಮಾಮನ ಮನೆಗೆ ಹೋಗಿ ಹೇಳಿದೆ.

ಅವರು ಉಸ್ಸೆಂದರು. ಆಮೇಲೆ ಮರದ ರಾಶಿಯಿಂದ ಒಂದು ತೆಳು ರೀಪು ಎಳೆದರು.

‘ಹನ್ನೊಂದರ ಮೇಲೆ ಇದನ್ನ ಇಟ್ರೆ ಮೂರು ಸೆಂಟಿಮೀಟರ್ ಏರತ್ತೆ. ಅಷ್ಟು ಹೆಚ್ಚುಕಮ್ಮಿ ನೀರಗಂಟಿ ಇಷ್ಟ, ಏರಿಗೇನೂ ಆಗಲ್ಲ. ಇಡ್ಲಾ?’

‘ಇಡಿ ಮಾಮ. ಆದ್ರೆ ಪಬ್ಬಲ್ಲಿ ಹೇಳ್ತೀನಿ.’

‘ಹೇಳು. ಕೇಳಿ ಕೇಳಿ ಅವ್ರಿಗೂ ಅಭ್ಯಾಸ ಆಗಿದೆ.’

ಏಪ್ರಿಲ್ 2

ಬೆಳಿಗ್ಗೆ ಆರೂಮುಕ್ಕಾಲು. ಏರಿಯ ಮೇಲೆ ಹೊಟ್ಟೆಯ ಮೇಲೆ ಮಲಗಿ, ಕೆನ್ನೆ ಹುಲ್ಲಿಗೆ ಒತ್ತಿ ನೋಡಿದೆ. ಕೋಟಿನ ತುದಿಗೂ ನೀರಿಗೂ ನಡುವೆ ಬೆಳಕಿಲ್ಲ. ತುದಿಯ ಸುತ್ತ ಒಂದು ಸಣ್ಣ ಉಂಗುರ ಹುಟ್ಟಿ ಹರಡಿತು, ಇನ್ನೊಂದು ಹುಟ್ಟಿತು.

ಓಡಿದೆ. ಕುಬಾತ್ ಮಾಮ ಗಡ್ಡ ಹೆರೆಯುತ್ತಿದ್ದರು, ಒಂದು ಕೆನ್ನೆಯ ತುಂಬ ನೊರೆ.

‘ಮುಟ್ತು ಮಾಮ!’

ನೊರೆಯಲ್ಲೇ ಹೊರಟರು. ಮೆಟ್ಟಿಲ ತುದಿಯಲ್ಲಿ ಇಬ್ಬರೂ ನಿಂತು ನೋಡಿದೆವು. ಮರಳುಗಲ್ಲು ನೀರು ಕುಡಿಯುತ್ತದೆ. ಅಂಚು ಕಪ್ಪಾಗಿ, ಆ ಕಪ್ಪು ಕೋಟಿನ ಮಡಿಕೆಗಳಲ್ಲಿ ಮೇಲೆ ಮೇಲೆ ಹತ್ತುತ್ತಿತ್ತು, ಬರೀ ಕಣ್ಣಿಗೆ ಕಾಣುವ ಹಾಗೆ! ಎಂಟು ಗಂಟೆಗೆ ವೊದ್ನಿಕ್‌ನ ಸೊಂಟದ ತನಕ ಬಂದಿತ್ತು.

‘ಇಷ್ಟು ಹತ್ತತ್ತೆ ಅಂತ ಲೆಕ್ಕ ಹಾಕಿದ್ಯಾ?’ ಎಂದರು ಕುಬಾತ್ ಮಾಮ.

‘ಇಲ್ಲ ಮಾಮ. ಇದು ತಾನಾಗೇ ಆಗಿದ್ದು.’